ಕೆಳಗಿನ ಮಹಡಿಯ ಕನ್ನಡ

ನನ್ನ ಮಗಳು ಇಲ್ಲೇ ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿ ಹುಟ್ಟಿದವಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಾಳೆ. ಕೆಳಗಿನ ಮಹಡಿಯಲ್ಲಿರುವ ನನ್ನಮ್ಮನ ಗೆಳತಿಯೊಡನೆ ಮಾತ್ರ ಪಟಪಟ ಕನ್ನಡ. ಎಪ್ಪತ್ತು ದಾಟಿದ ಆ ಆಂಟಿ ಈಗ ಮಲಯ್ ಕಲಿಯುತ್ತಿದ್ದಾರೆ. ಎಲ್ಲರೂ ಹೊಗಳುತ್ತಾರೆ, ಹೊಟ್ಟೆ ಉರಿಯುತ್ತಿದ್ದರೂ ನಾನೂ ಹೊಗಳುತ್ತೇನೆ. ಹತ್ತು ವರ್ಷ ಗಂಟಲು ಹರಿದುಕೊಂಡು ಕಲಿಸಿದವಳು ನಾನು, ಮಗು ಮಾತಾಡುವುದು ಅವರ ಹತ್ತಿರ!

ಮೊನ್ನೆ ಮಗಳನ್ನು ಕರೆತರಲು ಕೆಳಗೆ ಹೋದಾಗ ಆಂಟಿ ಅವಳಿಗೆ ಮಲಯ್ ಪಾಠ ಒಪ್ಪಿಸುತ್ತಿದ್ದರು. ಲಿಫ್ಟಿನಲ್ಲಿ ತಡೆಯಲಾರದೆ ಕೇಳಿದೆ, "ನನ್ನ ಹತ್ರ ಯಾಕೆ ಕನ್ನಡ ಮಾತಾಡಲ್ಲ ನೀನು?"

"ನಾನು ತಪ್ಪು ಹೇಳಿದ್ರೆ ಆಂಟಿ ನಗ್ತಾರೆ, ಅವರು ತಪ್ಪು ಹೇಳಿದ್ರೆ ನಾನು ನಗ್ತೀನಿ. ನೀನು ಬರೀ ತಿದ್ತೀಯ."

ಅಷ್ಟನ್ನೂ ಅವಳು ಕನ್ನಡದಲ್ಲೇ ಹೇಳಿದಳು. ತಿದ್ದಲು ಅದರಲ್ಲಿ ನನಗೆ ಒಂದು ತಪ್ಪೂ ಸಿಗಲಿಲ್ಲ.