ಆವುಲಪ್ಪನ ಹಾಡಿನ ಪೆಟ್ಟಿಗೆ

ತಮಿಳು ಸೀಮೆಯ ಗಡಿಯಲ್ಲಿರುವ ಬೇರಿಕೆಯ ಆವುಲಪ್ಪ ಇಪ್ಪತ್ತಾರು ವರ್ಷ ಗ್ರಾನೈಟ್ ಕೊಯ್ಯುವ ಕಾರ್ಖಾನೆಯಲ್ಲಿ ದುಡಿದವನು. ಕಲ್ಲಿನ ಮೇಲೆ ಗರಗಸ ಓಡುವ ಸದ್ದಿಗೆ ಮೊದಲು ಎಡಗಿವಿ ಹೋಯಿತು. ಕೆಲಸ ಬಿಡುವ ಹೊತ್ತಿಗೆ ಬಲಗಿವಿಯೂ ಮುಕ್ಕಾಲು ಮಂದವಾಗಿತ್ತು. ಆಸ್ಪತ್ರೆಯವರು ಕೊಟ್ಟ ಕಿವಿಯ ಮಿಷನ್ನು ಹಾಕಿಕೊಂಡರೆ ತಲೆಯೊಳಗೇ ಗರಗಸ ಓಡಿದಂತಾಗುತ್ತದೆಂದು ಅದನ್ನು ತೆಗೆದಿಟ್ಟುಬಿಟ್ಟಿದ್ದ.

ಅವನ ಹೆಂಡತಿ ಸುಗುಣಾ ಪ್ರತಿ ಶನಿವಾರ ಭಜನೆ ಮಂದಿರದಲ್ಲಿ ಹಾಡುತ್ತಿದ್ದಳು, ಕನ್ನಡದಲ್ಲೂ ತೆಲುಗಿನಲ್ಲೂ. ಬಾ ಎಂದು ಕರೆದಾಗಲೆಲ್ಲ, ಕೇಳಿಸದವನು ಬಂದು ಏನು ಮಾಡಲಿ ಎಂದು ಆವುಲಪ್ಪ ಹೊಲದ ಕಡೆ ಹೊರಟುಬಿಡುತ್ತಿದ್ದ. ಜ್ವರವೆಂದು ಮಲಗಿದವಳು ಒಂಬತ್ತೇ ದಿನಕ್ಕೆ ತೀರಿಕೊಂಡಳು.

ಮಗಳು ಸರಳಾ ಮತ್ತಿಗಿರಿಯಲ್ಲಿ ಶಾಲೆ ಟೀಚರು. ಭಜನೆಯವರು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದ ತಾಯಿಯ ಹಾಡುಗಳನ್ನೆಲ್ಲ ಮೆಮೊರಿ ಕಾರ್ಡಿಗೆ ಹಾಕಿಸಿ, ಅಂಗೈಯಗಲದ ಒಂದು ಪ್ಲೇಯರ್ ತಂದುಕೊಟ್ಟು ಹೋದಳು.

ಹಾಡು ಬರುತ್ತಿತ್ತು, ಸದ್ದು ಮಾತ್ರ ಸಾಲದು. ಪ್ಲಸ್ ಗುರುತಿನ ಗುಂಡಿ ಒತ್ತಿದರೆ ಜೋರಾಗಬೇಕಲ್ಲ? ಸುಗುಣಾಳ ದನಿ ಅರ್ಧಕ್ಕೇ ಕಡಿದು ಬೇರೆ ಹಾಡು ಶುರುವಾಗುತ್ತಿತ್ತು. ಮತ್ತೆ ಒತ್ತಿದರೆ ಮತ್ತೊಂದು. ಮೊಬೈಲ್ ಅಂಗಡಿಗೆ ಒಯ್ದ. ಅಂಗಡಿಯವನು ತಮಿಳಿನಲ್ಲಿ ಏನೋ ವಿವರಿಸಿದ. ಆವುಲಪ್ಪ ಅವನ ತುಟಿಯನ್ನೇ ನೋಡುತ್ತ ತಲೆಯಾಡಿಸಿ ಬಂದ. ಇನ್ನೊಂದು ಸಲ ಕೇಳಲು ನಾಚಿಕೆ. ಮಗಳಿಗೆ ಹೇಳಿದರೆ ನೊಂದುಕೊಂಡಾಳೆಂದು ಸುಮ್ಮನಾದ. ನಾಲ್ಕು ತಿಂಗಳು ಯಾವ ಹಾಡಿನ ಎರಡನೇ ಸಾಲೂ ಅವನಿಗೆ ದಕ್ಕಲಿಲ್ಲ.

ದಸರಾ ರಜೆಗೆ ಬಂದ ಸರಳಾ, ಅಪ್ಪ ಜಗಲಿಯಲ್ಲಿ ಕೂತು ಗುಂಡಿಯನ್ನು ಕುಟ್ಟುವುದನ್ನು ಕಂಡಳು. ಅವನ ಹೆಬ್ಬೆರಳನ್ನು ತನ್ನ ಕೈಯಲ್ಲಿ ಹಿಡಿದಳು.

“ಒತ್ತಿ ಕೈ ಬುಟ್ರೆ ಮುಂದಿನ ಹಾಡ್ಗೆ ಹೋಗ್ಬುಡ್ತದೆ ಅಪ್ಪಾ. ಹಿಂಗೆ ಒತ್ಕೊಂಡೇ ಇರ್ಬೇಕು, ಆವಾಗ ಜೋರಾಗ್ತದೆ.”

ಬೆರಳಡಿಯಲ್ಲಿ ಸುಗುಣಾಳ ದನಿ ಮೇಲೆ ಮೇಲೆ ಬಂತು. ಹಾಡು ಮುಗಿಯಿತು, ತಾಳ ನಿಂತಿತು. ಆಮೇಲೆ ಅವಳು ಯಾರಿಗೋ ಹೇಳಿದ್ದು ಕೇಳಿಸಿತು: “ಮುಂದ್ಗಡೆ ಒಸಿ ಜಾಗ ಬುಟ್ಟಿರ್ರಮ್ಮ. ನಮ್ಮೋರು ಬಂದ್ರೂ ಬರ್ಬೌದು. ಹಿಂದೆ ಕೂತ್ರೆ ಅವ್ರಿಗೆ ಕೇಳ್ಸಾಕಿಲ್ಲ.”

ಆವುಲಪ್ಪ ಮಗಳ ಮುಖ ನೋಡಿದ. ಇದು ಯಾವತ್ತಿನದೆಂದು ಕೇಳಿದ.

“ಎಲ್ಲಾ ಶನಿವಾರಾನೂ ಹಂಗೇ ಜಾಗ ಹಿಡಿಸ್ತಿದ್ಲಂತೆ,” ಎಂದಳು ಸರಳಾ, ಅವನ ಕಿವಿಯ ಹತ್ತಿರ ಬಾಗಿ.

“ನಾನು ಒಂದ್ ದಿನಾನೂ ಹೋಗ್ಲಿಲ್ವಲ್ಲಮ್ಮ,” ಎಂದ. ಸರಳಾ ಪ್ಲೇಯರನ್ನು ನಿಲ್ಲಿಸಲು ಕೈ ಚಾಚಿದಳು. ಅವನು ಕೊಡಲಿಲ್ಲ.

ಆಮೇಲೆ ದಿನವೂ ಕೇಳತೊಡಗಿದ. ಈಗ ಬಲಗಿವಿಯೂ ಪೂರ್ತಿ ಹೋಗಿದೆ. ಎಷ್ಟು ಹೊತ್ತು ಒತ್ತಿ ಹಿಡಿದರೂ ಸದ್ದು ಅವನನ್ನು ಮುಟ್ಟುವುದಿಲ್ಲ. ಪೆಟ್ಟಿಗೆಯನ್ನು ಕೆನ್ನೆಯ ಮೂಳೆಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ಅದರ ಅದುರಾಟವನ್ನಷ್ಟೇ ಹಿಡಿಯುತ್ತ ಕೂರುತ್ತಾನೆ. ಇಡೀ ಬೀದಿಗೆ ಸುಗುಣಾ ಕೇಳಿಸುತ್ತಾಳೆ. ಎದುರು ಮನೆಯ ಕನಕಮ್ಮ ತನ್ನ ಟಿವಿಯ ಸದ್ದು ತಗ್ಗಿಸಿಕೊಳ್ಳುತ್ತಾಳೆ. ಅವನಿಗೆ ಕಡಿಮೆ ಮಾಡೆಂದು ಇದುವರೆಗೆ ಯಾರೂ ಹೇಳಿಲ್ಲ.