ಗುರುಪಾದಪ್ಪನವರ ಗದ್ದಲದ ಫ್ಯಾನು

ಮೊನ್ನೆ ಎಲೆಕ್ಟ್ರಾನಿಕ್ ಸಿಟಿಯ ಪಕ್ಕದಲ್ಲಿ ಹೊಸದಾಗಿ ಎದ್ದಿರುವ ಗಾಜಿನ ಆಸ್ಪತ್ರೆಯೊಂದರಲ್ಲಿ ಸಾಲಿನಲ್ಲಿ ನಿಂತಿದ್ದೆ. ನನ್ನ ಕಾಯಿಲೆ ಯಾವುದೆಂಬುದು ಇಲ್ಲಿ ಮುಖ್ಯವಲ್ಲ. ಅಷ್ಟೊಂದು ಮೆತ್ತನೆಯ ಕುರ್ಚಿಗಳು ಖಾಲಿಯಿದ್ದರೂ ನಿಂತೇ ಇದ್ದೆ ಎಂದರೆ ಜಾಣ ಓದುಗರಿಗೆ ಅಷ್ಟು ಸಾಕು. ಒಳಗೆ ತಣ್ಣಗಿತ್ತು. ತಂಪು ಎಲ್ಲಿಂದ ಬರುತ್ತಿದೆಯೆಂದೇ ತಿಳಿಯದಷ್ಟು ನಿಶ್ಶಬ್ದವಾಗಿತ್ತು. ಗೋಡೆಯ ಮೇಲೆ ಚಿನ್ನದ ಬಣ್ಣದ ಚೌಕಟ್ಟಿನೊಳಗೆ ರೋಗಿಗಳ ಹಕ್ಕುಗಳನ್ನು ತೂಗುಹಾಕಿದ್ದರು. ರೋಗಿಯ ಗುಟ್ಟನ್ನು ಕಾಪಾಡುವುದು ನಮ್ಮ ಧರ್ಮ ಎಂಬರ್ಥದ ಸಾಲೂ ಅದರಲ್ಲಿತ್ತು. ಸರಿಯಾಗಿ ಅದರ ಕೆಳಗೆ ಕುಳಿತಿದ್ದ ಹುಡುಗಿ, ನನ್ನ ಮುಂದಿದ್ದ ಹೆಂಗಸನ್ನು ಕೇಳಿದಳು: "ಏನ್ ಪ್ರಾಬ್ಲಮ್ ಮೇಡಂ? ಸ್ವಲ್ಪ ಜೋರಾಗ್ ಹೇಳಿ, ಗ್ಲಾಸ್ ಇದೆಯಲ್ಲ, ಕೇಳ್ಸಲ್ಲ."

ಕುರ್ಚಿಗಳಲ್ಲಿದ್ದವರೆಲ್ಲ ಮೊಬೈಲು ತೀಡುವುದನ್ನು ನಿಲ್ಲಿಸಿದರು. ನಮ್ಮ ಜನಕ್ಕೆ ಸ್ವಂತ ಕಾಯಿಲೆಯ ವಿಷಯದಲ್ಲಿ ಇಲ್ಲದ ಏಕಾಗ್ರತೆ ಪಕ್ಕದವರ ಕಾಯಿಲೆಯ ವಿಷಯದಲ್ಲಿ ತಾನಾಗಿ ಬರುತ್ತದೆ. ಆ ಹೆಂಗಸು ಗಾಜಿನ ತೂತಿನ ಬಳಿ ಬಗ್ಗಿದಳು. ಆ ಗಳಿಗೆಯಲ್ಲಿ, ಹೇಳಿದರೆ ನಗಬೇಡಿ, ನನಗೆ ಒಂದು ಫ್ಯಾನು ನೆನಪಾಯಿತು.

ಸಿಂಗಸಂದ್ರದಲ್ಲಿ ನಮ್ಮ ಲೇಔಟಿನ ತಿರುವಿನಲ್ಲಿ ಡಾಕ್ಟರ್ ಗುರುಪಾದಪ್ಪನವರ ಕ್ಲಿನಿಕ್ ಇತ್ತು. ದಾವಣಗೆರೆ ಕಡೆಯವರು, ಹಣೆಯ ಮೇಲೆ ವಿಭೂತಿ, ಮಾತು ಕಡಿಮೆ. ಮೊದಲು ಟೈರ್ ಅಂಗಡಿಯಾಗಿದ್ದ ಮಳಿಗೆ ಅದು, ಬಾಗಿಲಿನ ಬದಲು ಶಟರು. ಗೋಡೆ ಕಟ್ಟಲು ಮಾಲೀಕ ಬಿಡಲಿಲ್ಲವೆಂದು ಡಾಕ್ಟರು ನಡುವೆ ಒಂದು ಪ್ಲೈವುಡ್ ಹಲಗೆ ನಿಲ್ಲಿಸಿ, ಪಕ್ಕಕ್ಕೆ ಹಸಿರು ಪರದೆ ಎಳೆದಿದ್ದರು. ಹಲಗೆ ಸೂರಿನವರೆಗೆ ಹೋಗುತ್ತಿರಲಿಲ್ಲ. ಒಳಗಿನ ಸೀನು ಹೊರಗಿನವರ ಆಶೀರ್ವಾದ ಪಡೆಯುವಷ್ಟು ಹತ್ತಿರ.

ಆ ಹಲಗೆಯ ಹಿಂದೆ ಕಂಬದ ಫ್ಯಾನೊಂದಿತ್ತು. ಅದು ಗಾಳಿ ಕೊಡುತ್ತಿತ್ತೆಂದು ಹೇಳಲಾರೆ. ಸದ್ದು ಮಾತ್ರ ಅಂತಿಂಥದ್ದಲ್ಲ. ಹೊಸೂರು ರಸ್ತೆಯಲ್ಲಿ ಕಲ್ಲು ತುಂಬಿದ ಲಾರಿ ಮೊದಲನೇ ಗೇರಿನಲ್ಲಿ ಏರು ಹತ್ತಿದಂತೆ. ಡಾಕ್ಟರು ಅದನ್ನು ಯಾವಾಗ ಹಾಕುತ್ತಿದ್ದರು, ಯಾವಾಗ ಆರಿಸುತ್ತಿದ್ದರು ಎಂಬುದಕ್ಕೆ ಹವಾಮಾನದೊಂದಿಗೆ ಯಾವ ಸಂಬಂಧವೂ ಇರಲಿಲ್ಲ. ಏಪ್ರಿಲ್ಲಿನ ಸೆಕೆಯಲ್ಲಿ ನೆಗಡಿಯವನನ್ನು ಬೆವರುತ್ತಲೇ ನೋಡುವರು. ಡಿಸೆಂಬರಿನ ಚಳಿಯಲ್ಲಿ ಯಾರೋ ಒಳಗೆ ಹೋದೊಡನೆ ಲಾರಿ ಏರು ಹತ್ತುವುದು. ಹೊರಗೆ ಮಫ್ಲರು ಸುತ್ತಿಕೊಂಡು ಕುಳಿತ ನಾವು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದೆವು. ಡಾಕ್ಟರಿಗೆ ಉಷ್ಣ ಪ್ರಕೃತಿಯೆಂಬುದು ಲೇಔಟಿನ ಒಮ್ಮತದ ನಿರ್ಣಯವಾಗಿತ್ತು.

ನಾನು ಆಗ ನಿವಾಸಿಗಳ ಸಂಘದ ಕಾರ್ಯದರ್ಶಿ. ಈ ಹುದ್ದೆಯ ಗಾಂಭೀರ್ಯ ಅನುಭವಿಸಿದವರಿಗಷ್ಟೇ ಗೊತ್ತು. ನಮ್ಮ ಸಂಘಕ್ಕೆ ಚರಂಡಿ ಸರಿಪಡಿಸಲು ಬರುತ್ತಿರಲಿಲ್ಲ, ಸನ್ಮಾನ ಮಾಡಲು ಚೆನ್ನಾಗಿ ಬರುತ್ತಿತ್ತು. ಹೀಗಾಗಿ ವೈದ್ಯರ ದಿನದಂದು ಡಾಕ್ಟರನ್ನು ಸನ್ಮಾನಿಸುವುದೆಂದೂ, ಶಾಲು ಮತ್ತು ಹಣ್ಣಿನ ಬುಟ್ಟಿಯೊಂದಿಗೆ ಒಂದು ನಿಶ್ಶಬ್ದ ಫ್ಯಾನನ್ನು ಅರ್ಪಿಸುವುದೆಂದೂ ನಿಶ್ಚಯವಾಯಿತು. ಹಳೆಯದು ಅಡ್ಡವಾದೀತೆಂದು ಬೆಳಿಗ್ಗೆಯೇ ಬೊಮ್ಮನಹಳ್ಳಿಯ ಗುಜರಿಯವನ ಗಾಡಿಗೆ ಏರಿಸಿಬಿಟ್ಟೆವು. ಉಪಕಾರ ಮಾಡುವವರು ಅಪ್ಪಣೆ ಕೇಳುತ್ತ ಕೂರುವುದಿಲ್ಲವಲ್ಲ.

ಡಾಕ್ಟರು ಹೊಸ ಫ್ಯಾನನ್ನು ಬಹಳ ಹೊತ್ತು ನೋಡಿದರು. ಸ್ವಿಚ್ಚು ಒತ್ತಿದರು. ಅದು ತಿರುಗುತ್ತಿದೆಯೆಂದು ತಿಳಿಯಲು ಕ್ಯಾಲೆಂಡರು ಅಲುಗಾಡಬೇಕಾಯಿತು. "ಬಹಳ ಚಲೋ ಫ್ಯಾನು," ಎಂದರು. "ಮನಿಗೆ ಒಯ್ತೀನಿ. ಹಳೇದು ಎಲ್ಲೈತ್ರಿ?"

"ಅದನ್ನ ಸಾಗ್ಹಾಕಿದ್ವಿ ಸಾರ್. ಇನ್ಮೇಲೆ ನಿಮ್ಗೆ ಆ ಕಾಟ ಇಲ್ಲ," ಎಂದೆ ನಾನು. ಜನ ಚಪ್ಪಾಳೆ ತಟ್ಟಿದರು. ಡಾಕ್ಟರ ಮುಖ ಮಾತ್ರ ಸನ್ಮಾನಿತರ ಮುಖದಂತಿರಲಿಲ್ಲ.

ಮರುದಿನ ಬಿಪಿ ನೋಡಿಸಿಕೊಳ್ಳುವ ನೆಪದಲ್ಲಿ, ನಿಜ ಹೇಳಬೇಕೆಂದರೆ ಫ್ಯಾನು ನೋಡಲು, ಹೋಗಿ ಕುಳಿತಿದ್ದೆ. ಗಾರ್ಮೆಂಟ್ಸಿನ ಸೂಪರ್‌ವೈಸರ್ ರಾಜಣ್ಣ ಶರಣಮ್ಮನನ್ನು ಕರೆದುಕೊಂಡು ಬಂದ. ಶರಣಮ್ಮ ಯಾದಗಿರಿ ಕಡೆಯವಳು. ನಮ್ಮ ಹಿಂದಿನ ಬೀದಿಯ ಒಂಟಿ ಕೋಣೆಯ ಬಾಡಿಗೆ, ಎರಡು ಮಕ್ಕಳ ಊಟ, ಎಲ್ಲ ಅವಳ ಹೊಲಿಗೆ ಮಷಿನ್ನಿನ ಮೇಲೇ ನಡೆಯುತ್ತಿತ್ತು. ಅಂದು ಕೆಲಸದ ನಡುವೆ ತಲೆ ತಿರುಗಿ ಬಿದ್ದಿದ್ದಳು. ಅವಳು ಒಳಗೆ ಹೋದಳು. ರಾಜಣ್ಣ ನನ್ನ ಪಕ್ಕ ಕುಳಿತ. ಅಷ್ಟರಲ್ಲಿ ಅವನ ಫೋನು ರಿಂಗಾಯಿತು, ಬೀದಿಗಿಳಿದ.

ಡಾಕ್ಟರು ಅಭ್ಯಾಸಬಲದಿಂದ ಸ್ವಿಚ್ಚು ಒತ್ತಿದ್ದು ಕೇಳಿಸಿತು. ಅದಾದ ಮೇಲೆ ಎಲ್ಲವೂ ಕೇಳಿಸಿತು.

"ಮೊದಲೂ ಹಿಂಗ ಆಗಿತ್ತೇನವ್ವ?"

"ಆಗಿತ್ರೀ ಸಾಹೇಬ್ರ," ಎಂದು ಶುರುಮಾಡಿದ ಶರಣಮ್ಮ ಏನಾಗಿತ್ತೆಂದು ಹೇಳಿದಳು. ಆಮೇಲೆ ದನಿ ತಗ್ಗಿಸಿದಳು, ತಗ್ಗಿಸಿಯೂ ಉಪಯೋಗವಿರಲಿಲ್ಲ. "ಕಂಪ್ನಿಯಾಗ ಗೊತ್ತಾದ್ರ ಗೇಟಿನ ಹೊರಗ ಹಾಕ್ತಾರ್ರೀ. ಹೋದ ವರ್ಷ ಒಬ್ಬಾಕಿನ್ನ ಹಂಗ ಮಾಡ್ಯಾರ. ಯಾರ ಮುಂದೂ ಹೇಳಬ್ಯಾಡ್ರೀ."

ಹಲಗೆಯ ಈಚೆ ಬೆಂಚಿನ ಮೇಲಿದ್ದ ನಾವೆಲ್ಲ ಕಿವಿಯಾಗಿದ್ದೆವು. ಪರದೆ ಸರಿಯಿತು. ಡಾಕ್ಟರು ನಮ್ಮನ್ನೂ, ನಮ್ಮ ಫ್ಯಾನನ್ನೂ ನೋಡಿದರು. ಅವರಿಗೆ ಎಂದೂ ಉಷ್ಣವಿರಲಿಲ್ಲವೆಂಬುದು ನನಗೆ ಹೊಳೆದದ್ದು ಆಗ. ಮಾಲೀಕ ಕಟ್ಟಲು ಬಿಡದ ಗೋಡೆಯನ್ನು ಮನುಷ್ಯ ಸದ್ದಿನಿಂದ ಕಟ್ಟಿಕೊಂಡಿದ್ದ. ಅದನ್ನು ನಾವು ಶಾಲು ಹೊದಿಸಿ ಕೆಡವಿದ್ದೆವು.

"ಎಲ್ಲಾರೂ ಸ್ವಲ್ಪ ಹೊರಗ ನಿಂತ್ಕೊಳ್ರಿ," ಎಂದರು. ಜ್ವರದವರು, ಕಾಲುನೋವಿನವರು, ಸಂಘದ ಕಾರ್ಯದರ್ಶಿ, ಎಲ್ಲರೂ ಬಿಸಿಲಿಗೆ ಬಂದೆವು. ಫೋನು ಮುಗಿಸಿದ ರಾಜಣ್ಣ ಒಳನುಗ್ಗಲು ಹೋದ.

"ನಾನು ಕಂಪ್ನಿಯೋನು ಸಾರ್."

"ಕಂಪನಿಗೆ ಜ್ವರ ಬಂದಾಗ ಬರ್ರಿ," ಎಂದು ಡಾಕ್ಟರು ಶಟರನ್ನು ಅರ್ಧ ಎಳೆದರು.

ಶಟರು ಮತ್ತೆ ಎದ್ದಾಗ ಶರಣಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ರಾಜಣ್ಣ ಕೇಳಿದ: "ಏನ್ ಕಾಯ್ಲೆ ಸಾರ್? ರಿಪೋರ್ಟ್ ಕೊಡ್ಬೇಕು, ಮೇಲ್ನೋರು ಕೇಳ್ತಾರೆ."

"ಒಂದು ವಾರ ರಜಾ. ಆಮ್ಯಾಲೆ ಮಷಿನ್ನಿಗೆ ಕೂರಬಹುದು. ಆಕಿಗೂ ಅಪಾಯ ಇಲ್ಲ, ಪಕ್ಕದವರಿಗೂ ಇಲ್ಲ. ಇಷ್ಟು ಹೇಳೋದು ನನ್ನ ಜವಾಬ್ದಾರಿ, ಸಹಿ ಮಾಡಿ ಕೊಡ್ತೀನಿ."

"ಅಂಗಲ್ಲ ಸಾರ್, ಕಾಯ್ಲೆ ಎಸ್ರು?"

"ಅದು ಆಕಿದು. ಆಕಿ ಒಪ್ಪಿದ್ರ ಕೇಳ್ರಿ."

"ರೂಲ್ಸ್ ಐತೆ ಸಾರ್."

"ನನಗೂ ಅದಾವಪ್ಪ. ಮುರಿದ್ರ ನನ್ನ ಬೋರ್ಡು ಕಿತ್ಹಾಕ್ತಾರ." ಚೀಟಿಗೆ ಸಹಿ ಹಾಕುತ್ತ, "ಕಿತ್ತುಹಾಕದಿದ್ರೂ ಹೇಳಂಗಿಲ್ಲ," ಎಂದು ಸೇರಿಸಿದರು.

ರಾಜಣ್ಣ ದಡ್ಡನಲ್ಲ. ಡಾಕ್ಟರನ್ನು ಬಿಟ್ಟು ನನ್ನ ಕಡೆ ತಿರುಗಿದ. "ಸಾರ್, ನೀವು ಒಳಗೇ ಕೂತಿದ್ರಲ್ಲ. ಏನಂದ್ಲು?"

ಶರಣಮ್ಮ ನನ್ನನ್ನು ನೋಡಿದಳು. ಡಾಕ್ಟರಿಗೆ ಕಾನೂನಿದೆ, ಪ್ರತಿಜ್ಞೆಯಿದೆ, ಬೋರ್ಡಿದೆ. ಬೆಂಚಿನ ಮೇಲೆ ಕುಳಿತವನಿಗೆ ಏನಿದೆ? ಹುಟ್ಟಿದಂದಿನಿಂದ ಕೇಳಿಸಿಕೊಂಡದ್ದನ್ನೆಲ್ಲ ಹಂಚಿಯೇ ಬೆಳೆದ ನಾಲಗೆಯೊಂದಿದೆ.

"ಎಲ್ಲಪ್ಪಾ," ಎಂದೆ. "ಆ ಫ್ಯಾನ್ ಸೌಂಡಲ್ಲಿ ಏನ್ ಕೇಳ್ಸುತ್ತೆ?"

ರಾಜಣ್ಣ ಒಳಗೆ ಇಣುಕಿದ. ಫ್ಯಾನು ತಪಸ್ವಿಯಂತೆ ತಿರುಗುತ್ತಿತ್ತು. ಅಷ್ಟರಲ್ಲಿ ಕಾಲುನೋವಿನ ಅಜ್ಜಿ, "ಅಯ್ಯೋ, ತಲೆ ಚಿಟ್ಟಿಡ್ದೋಯ್ತು ಕಣಪ್ಪ," ಎಂದಳು. ಜ್ವರದವನು ಕಿವಿಯಲ್ಲಿ ಬೆರಳಾಡಿಸಿಕೊಂಡ. ನಮ್ಮ ಸಂಘದ ಇತಿಹಾಸದಲ್ಲಿ ಚರ್ಚೆಯಿಲ್ಲದೆ ಅಂಗೀಕಾರವಾದ ನಿರ್ಣಯ ಅದೊಂದೇ. ರಾಜಣ್ಣ ಸಹಿಯಾದ ಚೀಟಿ ತೆಗೆದುಕೊಂಡು ಹೋದ. ವಾರದ ಮೇಲೆ ಶರಣಮ್ಮ ಎಂದಿನಂತೆ ಬುತ್ತಿ ಹಿಡಿದು ಗಾರ್ಮೆಂಟ್ಸಿನ ಬಸ್ಸು ಹತ್ತುತ್ತಿದ್ದುದನ್ನು ಕಂಡೆ.

ರಾಜಣ್ಣ ಚೀಟಿ ಒಯ್ದ ದಿನ ಸಂಜೆಯೇ ನಾನು ಗುಜರಿಗೆ ಹೋಗಿ ವಿಷಯ ಹೇಳಿದೆ. "ಸೌಂಡ್ ಬರೋ ಫ್ಯಾನೇ ಬೇಕಾ ಸಾರ್?" ಎಂದು ಅವನು ನನ್ನ ಆರೋಗ್ಯದ ಬಗ್ಗೆ ಅನುಮಾನಪಟ್ಟು ನೋಡಿದ. ಪುಣ್ಯಕ್ಕೆ ಅದನ್ನಿನ್ನೂ ಬಿಚ್ಚಿರಲಿಲ್ಲ; ತಂದು ಮತ್ತೆ ಹಲಗೆಯ ಹಿಂದೆ ನಿಲ್ಲಿಸಿದೆ. ಡಾಕ್ಟರು ಧನ್ಯವಾದ ಹೇಳಲಿಲ್ಲ. ಅಂದು ನನ್ನ ಬಿಪಿ ನೋಡುವಾಗ ಮಾತ್ರ ಕಾರಣವಿಲ್ಲದೆ ಫ್ಯಾನು ಹಾಕಿದರು.

ಶರಣಮ್ಮನ ಕಾಯಿಲೆ ಯಾವುದಿತ್ತು ಎಂದು ನೀವು ಕೇಳುತ್ತಿದ್ದೀರಿ. ಸದ್ದಿನಲ್ಲಿ ನನಗೆ ಕೇಳಿಸಲಿಲ್ಲವೆಂದು ಆಗಲೇ ಹೇಳಿದೆನಲ್ಲ.

ಗಾಜಿನ ಆಸ್ಪತ್ರೆಯಲ್ಲಿ ಆ ಹೆಂಗಸು ಇನ್ನೂ ಬಗ್ಗಿಯೇ ಇದ್ದಳು. "ಕೇಳ್ಸ್ತಿಲ್ಲ ಮೇಡಂ, ಇನ್ನೂ ಜೋರಾಗಿ." ನಾನು ಗೋಡೆಯ ಮೇಲೆ ಸ್ವಿಚ್ಚು ಹುಡುಕಿದೆ; ಹಕ್ಕುಗಳ ಪಟ್ಟಿಯ ಹೊರತು ಏನೂ ಇರಲಿಲ್ಲ. ಹೆಂಗಸು ಬಾಯಿ ತೆರೆದಳು. ನಾನು ಕೆಮ್ಮಲು ಶುರುಮಾಡಿದೆ. ಕಲ್ಲಿನ ಲಾರಿ ಮೊದಲನೇ ಗೇರಿನಲ್ಲಿ ಏರು ಹತ್ತಿದಂತೆ ಕೆಮ್ಮಿದೆ. ಕುರ್ಚಿಯವರು ಮುಖ ಸಿಂಡರಿಸಿ ದೂರ ಸರಿದರು, ಒಬ್ಬ ಮಾಸ್ಕು ಏರಿಸಿದ. ಅವಳು ಹೇಳುವುದನ್ನು ಹೇಳಿ ಮುಗಿಸಿ, ನನ್ನ ಕಡೆ ಒಮ್ಮೆ ನೋಡಿ, ಹೊರಟುಹೋದಳು.

"ಕೆಮ್ಮಾ ಸಾರ್?" ಎಂದಳು ಹುಡುಗಿ. "ಎಷ್ಟ್ ದಿನದಿಂದ?"

"ಈಗ್ಲೇ ಬಂತಮ್ಮಾ," ಎಂದೆ. "ಮುಂದಿನೋರು ಮಾತಾಡಿ ಮುಗ್ಸೋವರ್ಗೂ ಇರುತ್ತೆ."