ತಗ್ಗಿದ ಶ್ರುತಿ

ಆ ಟೇಪ್ ರೆಕಾರ್ಡರ್ ರಿಪೇರಿಯವನ ಅಂಗಡಿಯಲ್ಲಿ ಮೂವತ್ತು ವರ್ಷಗಳಿಂದ ಪರೀಕ್ಷೆಗೆಂದು ಇದ್ದದ್ದು ಒಂದೇ ಕ್ಯಾಸೆಟ್ಟು. ಅದರಲ್ಲಿದ್ದದ್ದು ಹೆಂಡತಿಯ ಮೆಚ್ಚಿನ ಹಾಡು. ಬಾಯಿಪಾಠವಾದ ಹಾಡಾದರೆ ಯಂತ್ರದ ತಪ್ಪು ಬೇಗ ಸಿಕ್ಕಿಬೀಳುತ್ತದೆಂದು, ಮದುವೆಯ ಹೊಸತರಲ್ಲೇ ಒಂದು ಪ್ರತಿ ಮಾಡಿ ತಂದಿಟ್ಟಿದ್ದ.

ಆ ಜಾಣತನದ ಬೆಲೆ ತಿಳಿದದ್ದು ಅವಳು ತೀರಿಕೊಂಡ ಮೇಲೆ. ಮುಖ ನೆನಪಿತ್ತು, ನಡಿಗೆ ನೆನಪಿತ್ತು. ದನಿ ಮಾತ್ರ ಎಷ್ಟು ತಡಕಿದರೂ ಕೈಗೆ ಸಿಗಲೊಲ್ಲದು. ಹಾಡು ಹಾಕಿದರೆ ಬಂದೀತೆಂದು ಹಾಕಿ ನೋಡಿದ. ಬಂದದ್ದು ಬೆಸುಗೆಯ ಹೊಗೆ, ಸವೆದ ಹೆಡ್ಡು, ಬೈದುಹೋದ ಗಿರಾಕಿಗಳು. ಹಾಡೇನು ನೆನಪನ್ನು ಡಬ್ಬಿಯಲ್ಲಿಟ್ಟು ಕಾಯುವುದಿಲ್ಲ. ಯಾವುದರ ಒಡನಾಟ ಹೆಚ್ಚೋ ಅದಕ್ಕೇ ಅಂಟಿಕೊಳ್ಳುತ್ತದೆ. ಸಾವಿರಾರು ಸಲ ಅಂಗಡಿಯಲ್ಲಿ ಮೊಳಗಿದ್ದು ಅಂಗಡಿಯದೇ ಆಗಿಹೋಗಿತ್ತು.

ಒಂದು ಬೆಳಿಗ್ಗೆ ನಿವೃತ್ತ ಟೀಚರೊಬ್ಬರು ಹಳೆಯ ಯಂತ್ರವೊಂದನ್ನು ತಂದು ಮೇಜಿನ ಮೇಲಿಟ್ಟರು.

"ನೋಡಪ್ಪಾ, ಇದೂ ನನ್ನ ಹಾಗೇ ಆಗಿದೆ. ಬಾಯಿ ಇದೆ, ಓಟ ಇಲ್ಲ."

"ನಿಮ್ಮ ಬಾಯಿಗೇನಮ್ಮ, ಅದರ ಗ್ಯಾರಂಟಿ ಇನ್ನೂ ಮುಗಿದಿಲ್ಲ," ಎನ್ನುತ್ತ ಅವನು ಕ್ಯಾಸೆಟ್ಟು ತುರುಕಿದ.

ಒಳಗಿನ ರಬ್ಬರ್ ಬೆಲ್ಟು ಸಡಿಲಗೊಂಡಿತ್ತು. ಹಾಡು ಎಳೆದೆಳೆದು, ಶ್ರುತಿ ತಗ್ಗಿ ಬಂತು. ಸ್ಕ್ರೂಡ್ರೈವರ್ ಎತ್ತಿದ ಕೈ ಅಲ್ಲೇ ನಿಂತಿತು.

ಅವನ ಮನೆಯ ಯಂತ್ರವೂ ಹೀಗೇ ಹಾಡುತ್ತಿತ್ತು. ದೀಪದ ಬುಡದಲ್ಲಿ ಕತ್ತಲೆ. ಅವಳಿರುವವರೆಗೂ ಅದನ್ನು ಬಿಚ್ಚಿ ನೋಡಿರಲಿಲ್ಲ. ಅವಳು ಆ ತಗ್ಗಿದ ಶ್ರುತಿಗೇ ದನಿಯಿಳಿಸಿ, ಬಟ್ಟೆ ಮಡಿಸುತ್ತ ಜೊತೆಗೆ ಹಾಡುವಳು. ಮೇಲಿನ ಸಾಲು ಬರುವ ಮುನ್ನ ಸಣ್ಣಗೆ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವಳು. ಆ ಕೆಮ್ಮು ಈಗ ಕಿವಿಯ ಪಕ್ಕದಲ್ಲೇ ಕೇಳಿತು, ಹಿಂದೆಯೇ ದನಿ: "ಊರವರ ಯಂತ್ರಕ್ಕೆಲ್ಲ ಇವತ್ತು, ನಮ್ಮ ಮನೇದಕ್ಕೆ ಮಾತ್ರ ನಾಳೆ, ಅಲ್ವೇನ್ರೀ?"

ಅವಳು ತೀರಿಕೊಂಡ ವಾರವೇ ಮನಸ್ಸು ಚುಚ್ಚಿ, ಮನೆಯ ಆ ಯಂತ್ರಕ್ಕೆ ಹೊಸ ಬೆಲ್ಟು ಹಾಕಿ ಓಟ ಸರಿಪಡಿಸಿಬಿಟ್ಟಿದ್ದ.

"ಏನಯ್ಯಾ, ರಿಪೇರಿ ಆಗಲ್ವಾ?" ಟೀಚರಮ್ಮ ಕೇಳಿದರು.

"ಆಗುತ್ತಮ್ಮ. ಆದರೆ ಈ ಹಳೇ ಬೆಲ್ಟು ನಾನಿಟ್ಟುಕೊಳ್ಳಲಾ?"

"ಬಿಸಾಡೋದು ತಾನೇ! ಅದನ್ನಿಟ್ಟುಕೊಂಡು ಏನ್ಮಾಡ್ತೀಯ?"

"ನಮ್ಮ ಮನೇದು ಸ್ವಲ್ಪ ಜಾಸ್ತೀನೇ ಸರಿಯಾಗಿಬಿಟ್ಟಿದೆ."

ಅಂದು ಸಂಜೆ, ಜೀವಮಾನದಲ್ಲಿ ಮೊದಲ ಸಲ, ಒಳ್ಳೆಯ ಬೆಲ್ಟು ತೆಗೆದು ಕೆಟ್ಟದ್ದನ್ನು ಹಾಕಿದ. ಗುಂಡಿ ಒತ್ತಿ, ಮೇಲಿನ ಸಾಲಿನ ಮುಂಚಿನ ಆ ಕೆಮ್ಮಿಗೆ ಕಾದು ಕುಳಿತ.